ಮೊಲದ ಕಿವಿಗಳ ನಡುವಿನ ಒಳಕಲ್ಲು

ರೋಣದ ನಮ್ಮ ಈಗಿನ ಮನೆಯ ಅಡುಗೆಕೋಣೆಗೆ ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತದೆ. ಆ ಹೊತ್ತಿಗೆ ನಾನು ಕೈಯಲ್ಲಿದ್ದ ಸೌಟು ಬಿಟ್ಟು ನೆಲ ನೋಡುತ್ತ ನಿಂತುಬಿಡುತ್ತೇನೆ. ಮಧ್ಯಾಹ್ನ ಸಪಾಟಾಗಿ, ಏನೂ ಗೊತ್ತಿಲ್ಲದಂತೆ ಬಿದ್ದಿದ್ದ ಕಲ್ಲು ಈಗ ಏನೇನೆಲ್ಲ ಹೇಳುತ್ತದೆ! ಸಿಲಿಂಡರ್ ಎಳೆದ ಗೀರು, ಮಗಳು ಸಣ್ಣವಳಿದ್ದಾಗ ಕುಟ್ಟಾಣಿ ಕೆಡವಿದ ತಗ್ಗು, ಅದರ ಸುತ್ತ ಎದ್ದ ಸಣ್ಣ ಚಕ್ಕೆ, ಒಂದೊಂದಕ್ಕೂ ಒಂದೊಂದು ನೆರಳು. "ನಿಮ್ಮವ್ವ ಮತ್ತ ಚಂದ್ರಲೋಕಕ್ಕ ಹೋದಳು ನೋಡು" ಎಂದು ನನ್ನವರು ಮಗಳಿಗೆ ಹೇಳಿ ನಗುತ್ತಾರೆ. ನಗಲಿ ಬಿಡಿ. ಓರೆ ಬೆಳಕಿನಲ್ಲಿ ನೋಡುವುದನ್ನು ನಾನು ಕಲಿತದ್ದು ಗಜೇಂದ್ರಗಡದ ತವರುಮನೆಯಲ್ಲಿ, ಒಂದು ಗಣೇಶ ಚೌತಿಯಿಂದ ಅದರ ಹಿಂದೆಯೇ ಬಂದ ಸಂಕಷ್ಟಿಯವರೆಗಿನ ದಿನಗಳಲ್ಲಿ. ಇವತ್ತಿಗೂ ನೆನೆದರೆ ಅಂಗಾಲಿನಲ್ಲಿ ಗುಳುಗುಳು ಅನ್ನುತ್ತದೆ.

ಕೋಟೆಯ ಗುಡ್ಡದ ಬುಡದಲ್ಲಿ ನಮ್ಮ ಮನೆ. ಮುಂದೆ ಅಪ್ಪನ ಕಾಳಿನ ಅಂಗಡಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲು. ಎಲ್ಲಕ್ಕೂ ಸೇರಿ ಮೇಲೊಂದು ಮಣ್ಣಿನ ಮಾಳಿಗೆ. ಹಿತ್ತಲಲ್ಲಿ ನೆಲಕ್ಕೆ ಹೂತ ಒಂದು ಹಳೆಯ ಒಳಕಲ್ಲಿತ್ತು. ಯಾರ ಕಾಲದ್ದೋ ಏನೋ, ಕುಟ್ಟಿ ಕುಟ್ಟಿ ಅದರ ಅಂಚಿನ ಕಂಠ ಸವೆದು ದುಂಡಗಾಗಿತ್ತು. ಒಂದು ಕಡೆ ಒಡೆದು ಬಾಯಿ ಬಿಟ್ಟಿತ್ತು. ಒಡೆಯದ ಕಡೆ ಯಾವಾಗಲೋ ಒನಕೆ ತಪ್ಪಿ ಬಿದ್ದು ಇನ್ನೊಂದು ಮರಿಗುಳಿಯಾಗಿತ್ತು. ಈಗ ಅದರಲ್ಲಿ ಯಾರೂ ಏನೂ ಕುಟ್ಟುತ್ತಿರಲಿಲ್ಲ, ಗುಬ್ಬಿಗಳು ನೀರು ಕುಡಿಯುತ್ತಿದ್ದವು. ನಾನು ಕಾನ್ವೆಂಟಿನಿಂದ ಬಂದವಳೇ ಬಿಳಿ ಸಾಕ್ಸು ಕಳೆದು ಅದರ ಅಂಚಿಗೆ ಕೂತು ಕಾಲು ತೊಳೆಯುತ್ತಿದ್ದೆ. ನಮ್ಮ ಮನೆಯ ಯಜಮಾನಿಕೆ ಆಯಿಯದು. ಆಯಿ ಅಂದರೆ ಅಪ್ಪನ ತಾಯಿ, ಜಕ್ಕಲಿಯ ಗಟ್ಟಿ ಒಕ್ಕಲುತನದ ಮನೆಯ ಮಗಳು. ಅವಳ ಸೊಂಟದಲ್ಲಿ ಎಲೆಯಡಿಕೆಯ ಚಂಚಿ ಸದಾ ಇರುತ್ತಿತ್ತು. ಆ ಚಂಚಿಯೊಳಗೆ ಹೋದದ್ದು ಆಯಿಯ ಮನಸ್ಸಿಲ್ಲದೆ ಹೊರಗೆ ಬರುತ್ತಿರಲಿಲ್ಲ. ಅವ್ವ ನರಗುಂದದವಳು. ಮಾತು ಕಡಿಮೆ. ಅವಳಿಗೆ ತವರು ಅಂತ ಉಳಿದವನು ತಮ್ಮನೊಬ್ಬನೇ, ನನ್ನ ಮಾಮಾ, ನರಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಪ್ರತಿ ದಸರೆಗೆ ಅವನು ಬಂದು ಅವ್ವನನ್ನು ಕರೆದೊಯ್ಯುತ್ತಿದ್ದ. ಬಸ್ಸಿನ ಕಿಟಕಿಯ ಹತ್ತಿರ ಕೂತ ಅವ್ವನ ಮುಖ ವರ್ಷಕ್ಕೊಮ್ಮೆ ಬೇರೆಯಾಗುತ್ತಿತ್ತು. ಶಿರೋಳ ದಾಟಿ ನರಗುಂದದ ಗುಡ್ಡ ಕಂಡ ಕೂಡಲೇ ಅವಳು ತಲೆಯ ಸೆರಗು ಜಾರಿದರೂ ಸರಿಮಾಡಿಕೊಳ್ಳುತ್ತಿರಲಿಲ್ಲ.

ಆ ವರ್ಷ ಮಾಮಾ ಗಣಪತಿ ಹಬ್ಬಕ್ಕೇ ಬಂದ, ಹಬ್ಬದ ಹಿಂದಿನ ದಿನ, ಬಗಲಲ್ಲಿ ಹಳೆಯ ಚಾದರ ಸುತ್ತಿದ ಉದ್ದನೆಯದೇನನ್ನೋ ಹಿಡಿದುಕೊಂಡು. ದುರ್ಬೀನು! ಸ್ವಂತ ಕೈಯಿಂದ ಜೋಡಿಸಿದ್ದು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಅವ್ವ ಒಲೆಯ ಮುಂದೆ ಪರಾತದಲ್ಲಿ ಜೋಳದ ಹಿಟ್ಟು ಸುರುವಿಕೊಂಡು ಕೂತಿದ್ದಳು. ಮಾಮಾ ಅವಳ ಎದುರು ಕುಕ್ಕರುಗಾಲಲ್ಲಿ ಕೂತು, ಹಿಟ್ಟನ್ನು ಅಂಗೈಯಿಂದ ಸಮ ಮಾಡಿ, ಮೇಲಿಂದ ಒಂದು ನಿಂಬೆಹಣ್ಣು ಬಿಟ್ಟ. ಧಪ್ಪೆಂದು ಗುಂಡನೆಯ ಕುಳಿ ಬಿತ್ತು.

"ನೋಡು, ಇದು ಹೊಸಾ ಕುಳಿ. ಕಂಠ ಹೆಂಗ ಎದ್ದು ನಿಂತೈತಿ! ಚಂದ್ರನ ಮ್ಯಾಲ ದೊಡ್ಡ ಕಲ್ಲು ಬಂದು ಬಡದ್ರ ಹಿಂಗ ಆಗತೈತಿ."

"ತಮ್ಮಾ, ಹಿಟ್ಟು ಹಾಳ ಮಾಡಬ್ಯಾಡೋ" ಎಂದಳು ಅವ್ವ. ಆದರೆ ಅವಳೂ ಬಗ್ಗಿ ನೋಡುತ್ತಿದ್ದಳು.

ಮಾಮಾ ಡಬ್ಬಿಯಿಂದ ಕಡಲೆ ತೆಗೆದು ಅದೇ ಕುಳಿಯ ಮೇಲೆ ಒಂದೊಂದಾಗಿ ಬೀಳಿಸಿದ. ಎದ್ದು ನಿಂತಿದ್ದ ಕಂಠ ಕುಸಿಯಿತು, ದುಂಡಗಾಯಿತು. ಅಂಚಿನ ಮೇಲೆ ಸಣ್ಣ ಸಣ್ಣ ಕುಳಿಗಳು ಕೂತವು.

"ಅಲ್ಲಿ ಮಳಿ ಇಲ್ಲ, ಗಾಳಿ ಇಲ್ಲ. ಹಂಗಾದ್ರ ಸವಸೋರು ಯಾರು ಹೇಳು?"

"ಕಡ್ಲಿ!" ಎಂದೆ ನಾನು.

"ಶಾಣ್ಯಾಕಿ! ದೊಡ್ಡ ಪೆಟ್ಟು ಒಮ್ಮೆ ಬಿದ್ದು ಹುಟ್ಟಿಸಿತು. ಆಮ್ಯಾಲ ಸಣ್ಣ ಪೆಟ್ಟು ಬಿದ್ದು ಬಿದ್ದು ಸವಸಿದ್ವು."

ಅಷ್ಟರಲ್ಲಿ ಎಸರು ಕುದಿಯಿತು. ಅವ್ವನಿಗೆ ಇವರ ಆಟ ಮುಗಿಯುವವರೆಗೆ ಕಾಯಲು ಪುರಸೊತ್ತಿಲ್ಲ. ರೊಟ್ಟಿಯ ಹಿಟ್ಟಿಗೆ ನಡುವೆ ತಗ್ಗು ಮಾಡಿ ಬಿಸಿನೀರು ಹಾಕುವುದು ದಿನದ ಪದ್ಧತಿ. ತಗ್ಗು ಹೇಗೂ ಆಗಿದೆಯಲ್ಲ ಎಂದು ಮಾಮಾನ ಕುಳಿಗೇ ಎಸರು ಹೊಯ್ದಳು. ನೀರು ತಳದಲ್ಲಿ ಸಪಾಟಾಗಿ ತುಂಬಿಕೊಂಡು, ನಡುವಿನ ಒಂದೆರಡು ಹಿಟ್ಟಿನ ಗುಡ್ಡಿ ಮಾತ್ರ ತಲೆ ಎತ್ತಿ, ಸವೆದ ಕಡೆಯ ಕಂಠವನ್ನು ಒಡೆದು ಹೊರಗೆ ಹರಿಯಿತು. ಮಾಮಾ ಎದ್ದು ಕುಣಿದ.

"ಇದ! ಇದ ಆಗಿದ್ದು ಅಲ್ಲಿ! ಒಳಗಿಂದ ಕಾದ ಕಲ್ಲಿನ ರಸ ಉಕ್ಕಿ ಬಂದು ತಳಾ ತುಂಬಿತು. ಅಕ್ಕಾ, ನೀ ಏನ್ ಮಾಡ್ದಿ ಗೊತ್ತೇನು?"

"ರೊಟ್ಟಿ ಮಾಡಾಕತ್ತೇನಿ" ಎಂದಳು ಅವ್ವ, ನಗು ನುಂಗುತ್ತ.

ಅಂಥದ್ದೇ ಒಂದು ಮುದಿ ಕುಳಿ ಚಂದ್ರನ ಮೇಲಿನ ಮೊಲದ ಎರಡು ಕಿವಿಗಳ ನಡುವೆ ಇದೆಯಂತೆ. ಅದಕ್ಕೊಂದು ಪರದೇಶದ ಹೆಸರಿತ್ತು. ಅದು ನಮ್ಮ ಅಡುಗೆಮನೆಯಲ್ಲಿ ನಿಲ್ಲಲಿಲ್ಲ. ನಾನು ಕೇಳಿದ ಕೂಡಲೇ ಅದು ನಮ್ಮ ಒಳಕಲ್ಲಾಯಿತು. ಹುಣ್ಣಿಮೆಯಲ್ಲಿ ನೋಡಿದರೆ ಏನೂ ಕಾಣದು, ನೆತ್ತಿಯ ಬಿಸಿಲಿಗೆ ನೆರಳೆಲ್ಲಿ? ಅಲ್ಲಿ ಹೊತ್ತು ಮೂಡುವಾಗ, ಬೆಳಕು ಓರೆಯಾಗಿ ಬಿದ್ದಾಗಲೇ ಅದರ ಕಂಠ, ಬಿರುಕು, ನಡುಗುಡ್ಡ ಎಲ್ಲ ಎದ್ದು ಬರುತ್ತವೆ. ಆ ಹೊತ್ತು ಯಾವಾಗ ಎಂದು ಕೇಳಿದೆ. ಮಾಮಾ ಬೆರಳು ಮಡಚಿ ಲೆಕ್ಕ ಹಾಕಿ ಖುಷಿಯಿಂದ ಹೇಳಿದ:

"ನಾಳೆ ಸಂಜಿಗೆ!"

ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ನಾಳೆ ಎಂದರೆ ಭಾದ್ರಪದದ ಚೌತಿ. ಗಣಪ್ಪನ ಹೊಟ್ಟೆ ನೋಡಿ ನಕ್ಕ ಚಂದ್ರನನ್ನು ಆ ದಿನ ಯಾರೂ ನೋಡುವಂತಿಲ್ಲ. ನೋಡಿದವರ ಮೇಲೆ ಮಾಡದ ಕಳವಿನ ಆರೋಪ ಬರುತ್ತದೆ. ನಮ್ಮ ಓಣಿಯಲ್ಲಿ ಆ ಸಂಜೆ ದೊಡ್ಡವರೂ ನೆಲ ನೋಡುತ್ತ ನಡೆಯುತ್ತಿದ್ದರು. ತಪ್ಪಿ ಕಣ್ಣಿಗೆ ಬಿದ್ದರೆ ಅದಕ್ಕೂ ಉಪಾಯವಿತ್ತು. ನೆರೆಮನೆಯ ಮಾಳಿಗೆ ಮೇಲೆ ಒಂದು ಹರಳುಕಲ್ಲು ಎಸೆದು ಬೈಸಿಕೊಳ್ಳಬೇಕು. ಬೈಗುಳ ತಿಂದರೆ ಆರೋಪ ಅಲ್ಲಿಗೇ ತೀರಿತು.

ಮರುದಿನ ಪಡಸಾಲೆಯಲ್ಲಿ ಗಣಪ್ಪ ಕೂತ, ಕಡುಬು ಕರಿದಾಯಿತು, ಆರತಿಯಾಯಿತು. ಸಂಜೆ ಮಾಮಾ ಸದ್ದಿಲ್ಲದೆ ದುರ್ಬೀನನ್ನು ಮಾಳಿಗೆಗೆ ಏರಿಸಿದ. ನಾನು ಅವನ ಹಿಂದೆ, ಕಣ್ಣು ನೆಲಕ್ಕೇ ಅಂಟಿಸಿಕೊಂಡು. ಪಡುವಣಕ್ಕೆ ಅವನು ಕೊಳವೆ ತಿರುಗಿಸುತ್ತಿದ್ದಾಗ ಮೆಟ್ಟಿಲಲ್ಲಿ ಆಯಿಯ ಬಳೆ ಸದ್ದಾಯಿತು.

"ಏನ್ ನಡಿಸೀರಿ ಮಾಸ್ತರ?"

"ಅತ್ತಿಯವ್ರ, ಇದರಾಗ ಚಂದ್ರ ತಲಿಕೆಳಗ ಕಾಣತಾನ್ರಿ. ಹಂಗಾದ್ರ ಅವ ಚೌತಿ ಚಂದ್ರ ಹೆಂಗ ಆದಾನು?"

"ತಲಿಕೆಳಗ ಮಾಡಿದ್ರ ಕಳ್ಳ ಸಂಭಾವಿತ ಆಗ್ತಾನೇನು?" ಎಂದವಳೇ ಆಯಿ ಬಂದು, ಕೊಳವೆಯ ತುದಿಯಲ್ಲಿ ಕಣ್ಣಿಟ್ಟು ನೋಡುವ ಸಣ್ಣ ಗಾಜಿನ ತುಂಡನ್ನು ಬಾಟಲಿಯ ಬೂಚು ತಿರುವಿದಂತೆ ತಿರುವಿ ಕಿತ್ತು ಚಂಚಿಗೆ ಹಾಕಿಕೊಂಡಳು. "ಗಣಪ್ಪನ್ನ ಕಳಿಸಿದ ಮ್ಯಾಲ ಕೊಡ್ತೇನಿ. ಅವ ಮನ್ಯಾಗ ಇರೂತನಕ ಚಂದ್ರನ ಮಾತು ಬ್ಯಾಡ. ಮುಂದಿನ ತಿಂಗಳ ಚೌತಿಗೆ ನೋಡ್ರೆಲಾ, ಯಾರು ಬ್ಯಾಡಂದ್ರು?"

ನಾವು ಸಪ್ಪೆ ಮುಖ ಹೊತ್ತು ಇಳಿದೆವು. ಆಯಿ ಮಾತ್ರ ಸ್ವಲ್ಪ ಹೊತ್ತು ಮೇಲೆಯೇ ಉಳಿದಳು, ಸಂಡಿಗೆಯ ಮೇಲೆ ಹೊದಿಸಿದ ಪಂಜೆ ಸರಿಮಾಡಿ ಬರುತ್ತೇನೆಂದು. ಮರುದಿನ ಮುಂಜಾನೆ ಪಕ್ಕದ ಮನೆಯ ಗೌರಕ್ಕ ಗೋಡೆಯ ಆಚೆಯಿಂದ ಕೂಗಿದಳು, ರಾತ್ರಿ ಬೆಕ್ಕೊಂದು ತನ್ನ ಮಾಳಿಗೆಯಿಂದ ಹರಳು ಉರುಳಿಸಿತೆಂದು. ಯಾರೂ ಲಕ್ಷ್ಯ ಕೊಡಲಿಲ್ಲ. ಏಕೆಂದರೆ ನಮ್ಮ ಪಡಸಾಲೆಯಲ್ಲಿ ಅಷ್ಟೊತ್ತಿಗೆ ಬೇರೆಯದೇ ಶುರುವಾಗಿತ್ತು. ಮಾಮಾ ಬಸ್ಸಿಗೆ ಹೊರಟು ನಿಂತಿದ್ದ.

"ಗಾಜು ಕೊಡ್ರಿ, ಅತ್ತಿಯವ್ರ. ನನ್ನ ಸಾಲಿ ಐತಿ."

"ಗಣಪ್ಪ ಹೋಗೂತನಕ ಇಲ್ಲ ಅಂದೆನಲ್ಲ."

ಮಾಮಾನ ಮೂಗಿನ ತುದಿ ಕೆಂಪಗಾಯಿತು. "ಚೌತಿ ಚಂದ್ರನ್ನ ನೋಡಿದಾವ ನಾನು. ಕಳವು ಮಾಡಿದೋರು ನೀವು. ಇದ್ಯಾವ ನ್ಯಾಯ?"

ಅಪ್ಪನ ತಕ್ಕಡಿ ಅಂಗಡಿಯಲ್ಲಿ ಸ್ತಬ್ಧವಾಯಿತು. ಸೊಸೆಯ ತಮ್ಮ, ಆಯಿಯ ಮನೆಯಲ್ಲಿಯೇ ನಿಂತು, ಆಯಿಗೆ ಕಳ್ಳಿ ಅಂದಿದ್ದ. ಅವಳು ಬೈದಿದ್ದರೆ ಸರಿಹೋಗುತ್ತಿತ್ತು; ಬೈಯಲಿಲ್ಲ, ಒಂಥರಾ ಬೆಚ್ಚಿ ಅವನನ್ನೇ ನೋಡಿದಳು. ಮಾಮಾ ಚಪ್ಪಲಿ ಮೆಟ್ಟಿದ.

"ಕಣ್ಣ ಇಲ್ಲದ ಕೊಳವಿ ಒಯ್ದು ಏನ್ ಮಾಡ್ಲಿ? ಇಲ್ಲೇ ಇರ್ಲಿ. ಅತ್ತಿಯವ್ರು ಕರದ್ರ ಬರ್ತೇನಿ. ಇಲ್ಲಂದ್ರ ಈ ಹೊಸ್ತಿಲಾ ತುಳಿಯೂದಿಲ್ಲ, ದಸರಾಕ್ಕೂ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ತಮ್ಮನ ಪರ ಒಂದು ಮಾತಿಲ್ಲ, ಅತ್ತೆಯ ಪರವೂ ಇಲ್ಲ. ಆಮೇಲಿನ ದಿನಗಳಲ್ಲಿ ಅವಳು ಪಡಸಾಲೆಯ ಮೂಲೆಯ ಕುರುಡು ಕೊಳವೆಯನ್ನು ದಿನಾ ಮುಂಜಾನೆ ಒರೆಸಿ ಚಾದರ ಹೊದಿಸುತ್ತಿದ್ದಳು. ಒರೆಸುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯುತ್ತಿತ್ತು. ಗಣಪ್ಪನನ್ನು ಕಳಿಸಿಯಾಯಿತು. ಗಾಜು ಚಂಚಿಯಲ್ಲೇ ಉಳಿಯಿತು, ಕೇಳುವವರೇ ಇರಲಿಲ್ಲವಲ್ಲ. ಟ್ರಂಕಿನ ಮೇಲೆ ಅವ್ವ ದಸರೆಗೆಂದು ಇಸ್ತ್ರಿ ಮಾಡಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಒಂದು ದಿನ ಮತ್ತೆ ಟ್ರಂಕಿನೊಳಗೆ ಇಟ್ಟಳು. ಅದನ್ನು ನೋಡಿದ್ದು ನಾನೊಬ್ಬಳೇ. ಕುಳಿ ನೋಡುವ ಆಸೆ ಒಂದು, ಆ ಸೀರೆ ಹೊರಗೆ ತೆಗೆಸುವ ಹಟ ಇನ್ನೊಂದು; ಎರಡೂ ಸೇರಿ ಒಂದೇ ಆದವು.

ಉಪಾಯ ಸಿಕ್ಕಿದ್ದು ಹಿತ್ತಲಲ್ಲಿ. ಮುಂಜಾನೆ ಹಲ್ಲುಜ್ಜುತ್ತ ಒಳಕಲ್ಲನ್ನು ನೋಡುತ್ತಿದ್ದೆ. ಮೂಡಣದ ಬಿಸಿಲು ಓರೆಯಾಗಿ ಬಿದ್ದು ಅದರ ಮರಿಗುಳಿ, ಒಡಕು, ತಳದ ಉಬ್ಬು ಎಲ್ಲ ಕಪ್ಪು ನೆರಳಿನಲ್ಲಿ ಎದ್ದು ನಿಂತಿದ್ದವು. ಮಧ್ಯಾಹ್ನ ನೋಡಿದರೆ ಏನೂ ಇಲ್ಲ, ಬರೀ ಬಿಳಿ ಕಲ್ಲು. ಸಂಜೆ ಶಾಲೆಯಿಂದ ಬಂದು ಸಾಕ್ಸು ಕಳೆಯುತ್ತ ಬಗ್ಗಿದೆ. ಎಲ್ಲ ಮತ್ತೆ ಬಂದಿತ್ತು! ಅದೇ ಮರಿಗುಳಿ, ಅದೇ ಒಡಕು. ನೆರಳು ಮಾತ್ರ ಆಚೆ ಕಡೆಗೆ. ನಾನು ಒಂದು ಕಾಲಲ್ಲಿ ಸಾಕ್ಸು, ಒಂದು ಕಾಲು ಬರಿದು, ಹಾಗೆಯೇ ಅಂಗಡಿಗೆ ಓಡಿ, ಅಪ್ಪನನ್ನು ಕಾಡಿ ಬೇಡಿ, ನರಗುಂದದ ಹೈಸ್ಕೂಲಿಗೆ ಫೋನು ಹಚ್ಚಿಸಿದೆ. ಸಂಜೆಯ ಆಟದ ಹೊತ್ತು, ಮಾಮಾ ಅಲ್ಲೇ ಇದ್ದ.

"ಮಾಮಾ, ಹೊತ್ತು ಮೂಡೂ ಮುಂದ ಕಾಣೋದು ಹೊತ್ತು ಮುಳುಗೂ ಮುಂದೂ ಕಾಣಬೇಕಲ್ಲ? ನಮ್ಮ ಒಳಕಲ್ಲು ಕಾಣತೈತಿ!"

ಆ ಕಡೆಯಿಂದ ಬೆರಳು ಮಡಚಿ ಎಣಿಸುವ ಗುಣಗುಣ: "ಅಲ್ಲಿ ಚೌತಿಗೆ ಹೊತ್ತು ಮೂಡಿದ್ರ... ಹದಿನೈದು ತಿಥಿ ಆದ ಮ್ಯಾಲ ಮುಳುಗತೈತಿ... ಹುಣ್ಣಿಮಿ ದಾಟಿ... ಏ ಹುಡುಗಿ! ಮತ್ತ ಚೌತಿಗೇ ಬರ್ತೈತಲ್ಲ! ಕೃಷ್ಣಪಕ್ಷದ ಚೌತಿ!"

"ಅಂದ್ರ?"

"ಅಂದ್ರ ಸಂಕಷ್ಟಿ!"

ಯೋಚಿಸಿ ನೋಡಿ. ಒಂದು ಚೌತಿಗೆ ಚಂದ್ರನನ್ನು ನೋಡಿದರೆ ದೋಷ. ಇನ್ನೊಂದು ಚೌತಿಗೆ ನೋಡದೆ ಊಟವೇ ಇಲ್ಲ. ಅವ್ವ ಪ್ರತಿ ತಿಂಗಳೂ ಸಂಕಷ್ಟಿ ಹಿಡಿಯುತ್ತಿದ್ದಳು, ದಿನವಿಡೀ ಉಪವಾಸವಿದ್ದು ಚಂದ್ರ ಮೂಡಿದ ಮೇಲೆಯೇ ತುತ್ತು. ಒಂದೇ ಕುಳಿ ಎರಡೂ ಚೌತಿಗೆ ಬಂದು ನಿಲ್ಲುತ್ತಿತ್ತು, ಒಮ್ಮೆ ಅದರ ಮುಂಜಾನೆ, ಒಮ್ಮೆ ಅದರ ಸಂಜೆ! ನನಗೆ ಅಂಗಡಿಯ ಜೋಳದ ಚೀಲದ ಮೇಲೆ ಹತ್ತಿ ಕೂಗಬೇಕೆನಿಸಿತು. ಆದರೆ ಮಾಮಾನ ದನಿ ತಟ್ಟನೆ ಇಳಿಯಿತು.

"ನೀ ಕರದ್ರ ಬರೂದಿಲ್ಲವ್ವಾ. ಅವರ ಕರೀಬೇಕು."

ಆಯಿ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ನಾನು ಹೋಗಿ ಮಗ್ಗುಲಲ್ಲಿ ಕೂತೆ.

"ಆಯಿ, ಸಂಕಷ್ಟಿ ದಿನ ಚಂದ್ರನ್ನ ನೋಡಿದ್ರ ಪಾಪ ಏನು?"

"ಹುಚ್ಚಿ, ನೋಡ್ಲಿಲ್ಲಂದ್ರ ಪಾಪ."

"ಚಾಳೀಸ ಹಾಕ್ಕೊಂಡು ನೋಡಿದ್ರ?"

"ನಾ ನೋಡೂದ ಹಂಗ. ಇಲ್ಲಂದ್ರ ನನಗೆಲ್ಲಿ ಕಾಣತೈತಿ?"

"ಚಾಳೀಸಿನ ಗಾಜು ಒಂದು ಕೊಳವಿಗೆ ಹಚ್ಚಿದ್ರ?"

ಅಡಕತ್ತರಿ ನಿಂತಿತು. ಆಯಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಆಮೇಲೆ ಎಲೆಯ ರಸ ಗಂಟಲಿಗೇರುವಂತೆ ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. "ಕಾನ್ವೆಂಟಿನ್ಯಾಗ ಇದನ್ನ ಕಲಸ್ತಾರೇನು, ವಕೀಲಕಿ? ಏಳು, ನಿಮ್ಮಪ್ಪಗ ಹೇಳು, ಫೋನ್ ಹಚ್ಚಂತ. ನಾನ ಮಾತಾಡ್ತೇನಿ." ಅಡುಗೆಮನೆಯ ಬಾಗಿಲಲ್ಲಿ ಸೀರೆಯ ಅಂಚೊಂದು ಸರಕ್ಕನೆ ಒಳಗೆ ಹೋಯಿತು. ಆಯಿ ಅಂಗಡಿಯಲ್ಲಿ ನಿಂತು ಫೋನಿನೊಳಗೆ, ನರಗುಂದಕ್ಕೆ ನೇರವಾಗಿ ಕೇಳಲೆಂಬಂತೆ, ಚೀರಿದ್ದು ಇಷ್ಟೇ: "ಮಾಸ್ತರ, ಸಂಕಷ್ಟಿಗೆ ಉಣ್ಣಾಕ ಬರ್ರಿ!"

ಸಂಕಷ್ಟಿಯ ಸಂಜೆ ಮೋಡ. ಮಾಮಾ ರೋಣದಲ್ಲಿ ಬಸ್ಸು ಬದಲಿಸುವಾಗಲೇ ಮಳೆ ಶುರುವಾಗಿತ್ತಂತೆ. ತೊಯ್ದ ಅಂಗಿಯಲ್ಲಿ ಬಂದು ಹೊಸ್ತಿಲ ಹೊರಗೇ ನಿಂತವನನ್ನು ಆಯಿ "ಒಳಗ ಬರ್ರಿ, ಹೊಸ್ತಿಲಾ ಕಡಿಯೂದಿಲ್ಲ" ಎಂದು ಕರೆದಳು. ಮಳೆ ನಿಂತರೂ ಮೋಡ ಕದಲಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೋದಕ, ಎಲ್ಲ ತಯಾರು. ಕ್ಯಾಲೆಂಡರಿನಲ್ಲಿ ಬರೆದ ಚಂದ್ರೋದಯದ ಹೊತ್ತು ಬಂತು, ಹೋಯಿತು. ಅವ್ವನ ತುಟಿ ಒಣಗಿದ್ದವು. ನಾನು ಮಾಳಿಗೆಯ ಹಸಿ ಮಣ್ಣಿನ ಮೇಲೆ ಬರಿಗಾಲಲ್ಲಿ ಜಿಗಿಯುತ್ತ ಮೂಡಣದ ಮೋಡಕ್ಕೆ ಬೇಡಿಕೊಳ್ಳುತ್ತಿದ್ದೆ. ಆಮೇಲೆ ಗುಡ್ಡದ ಮೇಲಿನ ಮೋಡದ ಅಂಚು ಬೆಳ್ಳಿಯ ದಾರದಂತೆ ಹೊಳೆಯಿತು, ಹರಿಯಿತು, ಅವನು ಬಂದ! ಮೇಲ್ಗಡೆಯ ಅಂಚು ಸ್ವಲ್ಪ ಸವೆದ ಚಂದ್ರ.

ಅವ್ವ ನೀರು ಬಿಟ್ಟು, ಆರತಿ ಬೆಳಗಿ ಕೈಮುಗಿದಳು. ಆಯಿ ಚಂಚಿ ಬಿಚ್ಚಿ ಗಾಜು ಕೊಟ್ಟಳು. ಅದಕ್ಕೆ ಲವಂಗದ ವಾಸನೆ, ಅಂಚಿಗೆ ಸುಣ್ಣ. ಮಾಮಾ ಅಂಗಿಯ ಚುಂಗಿನಿಂದ ಒರೆಸಿ ಕೊಳವೆಗೆ ಕೂರಿಸಿದ. ನಾನು ಮುಂದೆ ನುಗ್ಗಿದೆ. ಆಯಿ ಜಡೆ ಹಿಡಿದು ನಿಲ್ಲಿಸಿದಳು.

"ಉಪಾಸ ಇದ್ದಾಕಿ ಮೊದಲು."

ಅವ್ವ ಸೆರಗು ಬಿಗಿದು, ನಾಚುತ್ತ, ಬಗ್ಗಿ ಕಣ್ಣಿಟ್ಟಳು. ಒಂದು ಸಲ ಉಸಿರು ಎಳೆದುಕೊಂಡದ್ದು ಮಾತ್ರ ಕೇಳಿತು. ನಾನು ಅವಳ ಸೀರೆ ಜಗ್ಗಿದೆ, ಇನ್ನೂ ಜಗ್ಗಿದೆ. ಕೊನೆಗೆ ನನ್ನ ಸರದಿ ಬಂತು.

ಅಷ್ಟು ಬೆಳಕು! ಮೊದಲು ಕಣ್ಣಲ್ಲಿ ನೀರೇ ಬಂತು. ಆಮೇಲೆ ಎಲ್ಲ ನೆಲೆಗೆ ನಿಂತಿತು. ಮೊಲದ ಒಂದು ಕಿವಿ ಬಹುಪಾಲು ಕತ್ತಲೆಗೆ ಹೋಗಿಯಾಗಿತ್ತು. ಇನ್ನೊಂದು ಬೂದಿ ಬಣ್ಣದಲ್ಲಿ ಮಲಗಿತ್ತು. ಎರಡರ ನಡುವೆ, ಕತ್ತಲೆಯ ದಂಡೆಯ ಮೇಲೆಯೇ, ನಮ್ಮ ಒಳಕಲ್ಲು. ಕಂಠ ಸವೆದು ದುಂಡಗೆ. ಕತ್ತಲೆಯ ಕಡೆ ಒಡೆದು ಬಾಯಿ ಬಿಟ್ಟಿತ್ತು, ಆ ಬಾಯಲ್ಲಿಯೇ ಇನ್ನೊಂದು ಹರಕು ಕುಳಿ ಕೂತಿತ್ತು, ಅವ್ವನ ಎಸರು ಹರಿದು ಹೋದ ದಾರಿಯಂತೆ. ಈ ಕಡೆಯ ಅಂಚಿನ ಮೇಲೆ ಮರಿಗುಳಿ. ತಳದ ಸಪಾಟು ನೆಲವನ್ನು ನೆರಳು ಆಗಲೇ ನುಂಗುತ್ತಿತ್ತು. ನಡುವಿನ ಸಣ್ಣ ಗುಡ್ಡಗಳ ತುದಿ ಮಾತ್ರ, ಬೂದಿ ಮುಚ್ಚಿದ ಒಲೆಯಲ್ಲಿ ಉಳಿದ ಕೆಂಡದಂತೆ, ಹೊಳೆಯುತ್ತಿದ್ದವು. ನಾನು ಕಿರುಚಿದೆ. ಗೌರಕ್ಕ ಕೂಡ ಗೋಡೆಯ ಆಚೆಯಿಂದ ಏನಾಯಿತೆಂದು ಕೇಳಿದಳು.

ಆಯಿ ಚಾಳೀಸು ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದಳು. ತಲೆ ಎತ್ತಿದಾಗ ಮಾಮಾನ ಕಡೆ ತಿರುಗಿದಳು.

"ಮಾಸ್ತರ, ಒಂದ ಮಾತು. ಅವತ್ತ ಈ ಗಾಜು ಕಸಗೊಳ್ಳೂ ಮುಂದ ಚೌತಿ ಚಂದ್ರ ನನ್ನ ಕಣ್ಣಿಗೂ ಬಿತ್ತು. ಲಗೂನ ಈ ಗೌರಿ ಮಾಳಿಗಿ ಮ್ಯಾಲ ಹರಳು ಒಗದೆ. ಇಕಿ ಬೈಬೇಕೋ ಬ್ಯಾಡೋ? ಬೆಕ್ಕು ಅಂದ್ಕೊಂಡು ಸುಮ್ಮನ ಮಲಗಿದ್ಲು! ಅದಕ್ಕ ಮುಂಜಾನೆದ್ದು ನಿಮ್ಮ ಬಾಯಿಲೆ ಕಳ್ಳಿ ಅನ್ನಿಸಿಕೊಂಡೆ. ಅಂದಾವ ನೀವಲ್ಲ. ಅನ್ನಿಸಿದಾವ ಅವ" ಎಂದು ಚಂದ್ರನ ಕಡೆ ಬೆರಳು ತೋರಿಸಿದಳು.

ಮಾಮಾ ಏನೋ ಹೇಳಲು ಬಾಯಿ ತೆರೆದ. ವಿಜ್ಞಾನದ ಮಾಸ್ತರನಲ್ಲವೇ. ಅಪ್ಪ ಹಿಂದಿನಿಂದ ಅವನ ಬೆನ್ನು ಚಿವುಟಿದ್ದನ್ನು ನಾನು ನೋಡಿದೆ. ಮಾಮಾ ಬಗ್ಗಿ ಆಯಿಯ ಕಾಲು ಮುಟ್ಟಿದ. ಗೋಡೆಯ ಆಚೆಯಿಂದ ಗೌರಕ್ಕ, ತಡವಾಗಿಯಾದರೂ, ಮನಸಾರೆ ಬೈಯಲು ಶುರು ಮಾಡಿದಳು: "ಮುದುಕಿಗೆ ಬುದ್ಧಿ ಐತೇನು? ನನ್ನ ಹಪ್ಪಳ ಮುರದ್ವಲ್ಲ!" ಆಯಿ ಕಣ್ಣು ಮುಚ್ಚಿ ಆ ಬೈಗುಳವನ್ನು ಪ್ರಸಾದದ ಹಾಗೆ ಸ್ವೀಕರಿಸಿದಳು.

"ದಸರಾಕ್ಕ ಇಕಿನ್ನ ಯಾವಾಗ ಕರಕೊಂಡು ಹೋಗ್ತೀರಿ?" ಎಂದು ಕೇಳುತ್ತಲೇ ಮೆಟ್ಟಿಲು ಇಳಿದಳು. ಅಪ್ಪ ಇಳಿದರು. ಮಾಮಾ ಇಳಿದ. ಕೆಳಗೆ ತಾಟು ಹಾಕಿದ ಸದ್ದಾಯಿತು.

"ಏ ಅವ್ವಾ, ಬಾ! ರೊಟ್ಟಿ ಆರಿ ಹೋದ್ವು. ಮುಂಜಾನಿಂದ ಉಪಾಸ ಅದಿ" ಎಂದು ಆಯಿ ಕೆಳಗಿನಿಂದ ಸೊಸೆಯನ್ನು ಕೂಗಿದಳು.

ಅವ್ವ ಮತ್ತೆ ದುರ್ಬೀನಿಗೆ ಕಣ್ಣು ಹಚ್ಚಿ ನಿಂತಿದ್ದಳು. ತಲೆಯ ಸೆರಗು ಹೆಗಲಿಗೆ ಜಾರಿತ್ತು, ಸರಿಮಾಡಿಕೊಂಡಿರಲಿಲ್ಲ.

"ನೀವು ಉಣ್ರಿ ಅತ್ತಿಯವ್ರ" ಎಂದಳು, ಕಣ್ಣು ತೆಗೆಯದೆ. "ನಡುಗುಡ್ಡದ ತುದಿ ಇನ್ನೂ ಆರಿಲ್ಲ. ಅಲ್ಲಿ ಹೊತ್ತು ಮುಳುಗಲಿ, ಆಮ್ಯಾಲ ಉಣ್ತೇನಿ."